ಚಳಿ ನಾಡಿನ ಹೊಸ ಮನೆಗೆ ನೆಲದಡಿಯ ಬಿಸಿ: ಕಾಂಕ್ರೀಟು ಸುರಿಯುವ ಮೊದಲು ಮಾಡಬೇಕಾದ ಕೆಲಸ

ಹೊಸ ಮನೆಯಲ್ಲಿ ಗೋಡೆಯ ಬಣ್ಣ ಹಿಡಿಸದಿದ್ದರೆ ಮತ್ತೆ ಬಳಿಯಬಹುದು. ಬಾಯ್ಲರ್ ಕೆಟ್ಟರೆ ಬೇರೆಯದನ್ನು ತಂದು ಕೂರಿಸಬಹುದು. ಕಾಂಕ್ರೀಟಿನೊಳಗೆ ಸೇರಿಹೋದ ಪೈಪನ್ನು ಮಾತ್ರ ಮತ್ತೆ ಮುಟ್ಟುವ ಹಾಗಿಲ್ಲ. ಅದರ ಕೆಳಗಿನ ಇನ್ಸುಲೇಷನ್, ಅಂದರೆ ಶಾಖ ಮಣ್ಣಿಗೆ ಸೋರದಂತೆ ತಡೆಯುವ ಬೋರ್ಡು, ಅದಂತೂ ಮನೆ ಇರುವಷ್ಟು ದಿನ ನೀವು ಹಾಕಿದ ಹಾಗೇ ಇರುತ್ತದೆ. ನೆಲದೊಳಗೆ ಬಿಸಿನೀರು ಹರಿಸಿ ಮನೆ ಬೆಚ್ಚಗಿಡುವ ಯೋಚನೆ ಇದ್ದರೆ, ತಲೆ ಕೆಡಿಸಿಕೊಳ್ಳಬೇಕಾದದ್ದೆಲ್ಲ ಕಾಂಕ್ರೀಟಿನ ಗಾಡಿ ಬರುವುದಕ್ಕೆ ಮುಂಚೆ. ಯಾವ ಬಾಯ್ಲರ್ ಒಳ್ಳೆಯದು, ಥರ್ಮೋಸ್ಟಾಟನ್ನು ಫೋನಿನಿಂದ ಆನ್ ಮಾಡಬಹುದಾ ಅಂತ ತಿಂಗಳುಗಟ್ಟಲೆ ಹುಡುಕುವವರು, ನೆಲದ ಕೆಳಗೆ ಎಷ್ಟು ದಪ್ಪದ ಬೋರ್ಡು ಹೋಗುತ್ತಿದೆ ಅಂತ ಒಮ್ಮೆಯೂ ಕೇಳದಿರುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕೆಲಸದ ರೀತಿ ಸರಳ. ಗೋಡೆಗೆ ಹಾಕುವ ರೇಡಿಯೇಟರ್ ಚಿಕ್ಕದು, ಅದಕ್ಕೇ ಅದು ತುಂಬಾ ಬಿಸಿಯಾಗಬೇಕು. ಹಳೆಯ ಮನೆಗಳಲ್ಲಿ 60, 70 ಡಿಗ್ರಿ ನೀರು ಬೇಕಾಗುತ್ತದೆ. ನೆಲ ಹಾಗಲ್ಲ. ಇಡೀ ಕೋಣೆಯ ಅಗಲಕ್ಕೂ ಹಾಸಿಕೊಂಡಿರುವುದರಿಂದ ಸ್ವಲ್ಪವೇ ಬೆಚ್ಚಗಿದ್ದರೂ ಸಾಕು, 30ರಿಂದ 40 ಡಿಗ್ರಿ ನೀರಿನಲ್ಲೇ ಕೆಲಸ ನಡೆಯುತ್ತದೆ. ನೀರು ತಣ್ಣಗಿದ್ದಷ್ಟೂ ಹೀಟ್ ಪಂಪ್, ಅಂದರೆ ಹೊರಗಿನ ಗಾಳಿಯ ಅಥವಾ ಮಣ್ಣಿನ ಶಾಖವನ್ನು ಕರೆಂಟಿನ ಸಹಾಯದಿಂದ ಎಳೆದು ಮನೆಗೆ ತರುವ ಯಂತ್ರ, ಕಡಿಮೆ ಕರೆಂಟು ತಿನ್ನುತ್ತದೆ. ಕಂಡೆನ್ಸಿಂಗ್ ಬಾಯ್ಲರಿಗೂ ಇದೇ ಲಾಭ: ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಹೊಗೆಯಲ್ಲಿರುವ ನೀರಾವಿ ಬಾಯ್ಲರೊಳಗೇ ಹನಿಯಾಗಿ ಆ ಶಾಖವೂ ಮನೆಗೆ ಸಿಗುತ್ತದೆ.

ಕರೆಂಟಿನ ತಂತಿ ಹಾಸುವ ಬಗೆಯೂ ಇದೆ. ಒಂದು ಬಚ್ಚಲುಮನೆಗೆ ಅದು ಚೆನ್ನ, ತೆಳುವಾಗಿರುತ್ತದೆ, ಬೇಗ ಬಿಸಿಯಾಗುತ್ತದೆ. ಚಳಿ ನಾಡಿನಲ್ಲಿ ಇಡೀ ಮನೆಗೆ ಅದನ್ನು ಹಾಕಿದರೆ ಮುಂದೆ ಬೇರೆ ಇಂಧನಕ್ಕೆ ಬದಲಾಗುವ ದಾರಿ ಮುಚ್ಚಿಹೋಗುತ್ತದೆ. ನೀರಿನ ಪೈಪಿದ್ದರೆ ಇವತ್ತು ಗ್ಯಾಸ್, ನಾಳೆ ಹೀಟ್ ಪಂಪ್, ಯಾವುದಕ್ಕೆ ಬೇಕಾದರೂ ಜೋಡಿಸಬಹುದು. ಹಾಗಾಗಿ ಇಲ್ಲಿ ನೀರಿನ ಪೈಪಿನ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲು ಲೆಕ್ಕ

ಪೈಪು ತರುವ ಮೊದಲು ಪ್ರತಿ ಕೋಣೆಯೂ ಎಷ್ಟು ಶಾಖ ಕಳೆದುಕೊಳ್ಳುತ್ತದೆ ಅಂತ ಲೆಕ್ಕ ಹಾಕಿ. ಇಡೀ ಮನೆಗೆ ಒಂದೇ ಅಂದಾಜು ಸಾಲದು, ಕೋಣೆಕೋಣೆಗೂ ಬೇಕು. ಇದನ್ನು ಎಂಜಿನಿಯರ್ ಮಾಡಿಕೊಡುತ್ತಾರೆ. ಆದರೂ ನಿಮಗೆ ಅರ್ಥವಾಗಿರಲಿ, ಆಗ ಅವರು ಕೊಟ್ಟ ಸಂಖ್ಯೆ ಸರಿಯಿದೆಯೇ ಅಂತ ಕೇಳುವ ಧೈರ್ಯ ಬರುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕೋಣೆ 20 ಚದರ ಮೀಟರ್, ಎತ್ತರ ಎರಡೂವರೆ ಮೀಟರ್. ಹೊರಗೆ ಮೈನಸ್ 20 ಡಿಗ್ರಿ, ಒಳಗೆ 20 ಬೇಕು. ಅಂದರೆ ವ್ಯತ್ಯಾಸ 40 ಡಿಗ್ರಿ. ಹೊರಗೋಡೆ 18 ಚದರ ಮೀಟರ್, ಅದರ ಯು ಮೌಲ್ಯ 0.2. ಈ ಯು ಮೌಲ್ಯ ಅಂದರೆ ಒಂದು ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರಿನಿಂದ ಎಷ್ಟು ವ್ಯಾಟ್ ಸೋರುತ್ತದೆ ಅನ್ನುವುದು, ಅಷ್ಟೇ. ಮೂರನ್ನೂ ಗುಣಿಸಿದರೆ ಗೋಡೆಯಿಂದ 144 ವ್ಯಾಟ್ ಹೋಗುತ್ತದೆ. ಕಿಟಕಿ 4 ಚದರ ಮೀಟರ್, ಯು ಮೌಲ್ಯ 1.2 ಇದ್ದರೆ 192 ವ್ಯಾಟ್. ಗೋಡೆಗಿಂತ ಎಷ್ಟೋ ಚಿಕ್ಕದಾದ ಕಿಟಕಿ ಗೋಡೆಗಿಂತ ಜಾಸ್ತಿ ಕಳೆಯುತ್ತಿದೆ, ಗಮನಿಸಿ. ಚಾವಣಿ 20 ಚದರ ಮೀಟರ್, ಯು ಮೌಲ್ಯ 0.15, ಅಲ್ಲಿ 120 ವ್ಯಾಟ್. ಇನ್ನು ಗಾಳಿ. ಕೋಣೆಯಲ್ಲಿ 50 ಘನ ಮೀಟರ್ ಗಾಳಿ ಇದೆ. ಗಂಟೆಗೆ ಅದರ ಹತ್ತರಲ್ಲಿ ಮೂರು ಪಾಲು ಹೊರಗೆ ಹೋಗಿ ತಣ್ಣನೆಯದು ಒಳಗೆ ಬಂದರೆ ಸುಮಾರು 198 ವ್ಯಾಟ್. ಎಲ್ಲ ಕೂಡಿದರೆ 654. ಕೋಣೆಯ ಅಳತೆಯಿಂದ ಭಾಗಿಸಿದರೆ ಚದರ ಮೀಟರಿಗೆ 33 ವ್ಯಾಟ್ ಬರುತ್ತದೆ.

ಈ 33 ಅನ್ನುವ ಸಂಖ್ಯೆಯನ್ನು ಇಟ್ಟುಕೊಳ್ಳಿ, ಮುಂದೆ ಎಲ್ಲದಕ್ಕೂ ಇದೇ ಬೇಕು.

ಬೆಚ್ಚಗಿನ ನೆಲ ಕೋಣೆಗೆ ಎಷ್ಟು ಶಾಖ ಕೊಡುತ್ತದೆ? ನೆಲದ ಮೇಲ್ಮೈ ಕೋಣೆಗಿಂತ ಒಂದು ಡಿಗ್ರಿ ಜಾಸ್ತಿ ಇದ್ದರೆ ಚದರ ಮೀಟರಿಗೆ ಹೆಚ್ಚುಕಡಿಮೆ 11 ವ್ಯಾಟ್. ನಮಗೆ ಬೇಕಾದದ್ದು 33. ಅಂದರೆ ಕೋಣೆ 20 ಡಿಗ್ರಿ ಇದ್ದಾಗ ನೆಲ 23 ಇದ್ದರೆ ಮುಗಿಯಿತು, ಅದೂ ವರ್ಷದಲ್ಲೇ ಅತಿ ಚಳಿಯ ರಾತ್ರಿ.

ಇಲ್ಲಿ ಒಂದು ವಿಷಯ ಬಿಚ್ಚಿ ಹೇಳಬೇಕು, ಏಕೆಂದರೆ ತುಂಬಾ ಜನ ಇಲ್ಲೇ ಬೇಜಾರು ಮಾಡಿಕೊಳ್ಳುತ್ತಾರೆ. ನಮ್ಮ ಅಂಗಾಲು ಸುಮಾರು 30 ಡಿಗ್ರಿ ಆಸುಪಾಸು ಇರುತ್ತದೆ. 23 ಡಿಗ್ರಿಯ ಟೈಲ್ಸ್ ಮುಟ್ಟಿದರೆ ಅದು ಬೆಚ್ಚಗೆ ಅನ್ನಿಸುವುದಿಲ್ಲ, ತಣ್ಣಗಿಲ್ಲ ಅನ್ನಿಸುತ್ತದೆ, ಅಷ್ಟೇ. ಗೋಡೆ, ಕಿಟಕಿ, ಚಾವಣಿ ಎಲ್ಲ ಚೆನ್ನಾಗಿರುವ ಮನೆಯಲ್ಲಿ ನೆಲ ಕಾಲಿಗೆ ಕಾವಾಗಿ ತಾಗುವುದೇ ಇಲ್ಲ. ಹಾಗೆ ತಾಗುವಷ್ಟು ಬಿಸಿ ಮಾಡಿದರೆ ಕೋಣೆಯಲ್ಲಿ ಸೆಕೆಯಾಗಿ ಕಿಟಕಿ ತೆಗೆಯಬೇಕಾಗುತ್ತದೆ. ಮನೆಗೆ ಬಂದು ಎರಡನೇ ವಾರವೇ ನೆಲ ಬಿಸಿಯಾಗುತ್ತಿಲ್ಲ ಅಂತ ಪ್ಲಂಬರಿಗೆ ಫೋನ್ ಮಾಡುವವರ ಮನೆಯಲ್ಲಿ ಬಹಳ ಸಲ ಕೆಟ್ಟಿರುವುದು ಏನೂ ಇರುವುದಿಲ್ಲ. ಕಾಲಿಗೆ ಬಿಸಿ ಬೇಕೇಬೇಕು ಅನ್ನುವುದಾದರೆ ಬಚ್ಚಲುಮನೆಯಲ್ಲಿ ಮಾತ್ರ ಪೈಪು ಒತ್ತೊತ್ತಾಗಿ ಹಾಕಿಸಿ ಅಥವಾ ಅಲ್ಲಿಗೆ ಬೇರೆಯಾಗಿ ಕರೆಂಟಿನ ಚಾಪೆ ಹಾಕಿಸಿ.

ಮೇಲಿನ ಮಿತಿಯೂ ಇದೆ. ಜನ ಓಡಾಡುವ ಕಡೆ ನೆಲದ ಮೇಲ್ಮೈ 29 ಡಿಗ್ರಿ ದಾಟಬಾರದು ಅಂತ ಯುರೋಪಿನ ಇಎನ್ 1264 ಮಾನದಂಡ ಹೇಳುತ್ತದೆ. ಗೋಡೆಯಂಚಿನ, ಯಾರೂ ನಿಲ್ಲದ ಪಟ್ಟಿಗೆ 35ರವರೆಗೆ ಬಿಡುತ್ತಾರೆ. 29 ಅಂದರೆ ಕೋಣೆಗಿಂತ 9 ಡಿಗ್ರಿ ಮೇಲೆ, ಸುಮಾರು 100 ವ್ಯಾಟ್. ನಿಮ್ಮ ಲೆಕ್ಕದಲ್ಲಿ ಯಾವುದಾದರೂ ಕೋಣೆ ಚದರ ಮೀಟರಿಗೆ 80, 90 ವ್ಯಾಟ್ ಕೇಳುತ್ತಿದ್ದರೆ ಪೈಪು ಜಾಸ್ತಿ ಮಾಡಲು ಹೋಗಬೇಡಿ. ಮನೆ ಇನ್ನೂ ನಕ್ಷೆಯಲ್ಲಿದೆ. ಕಿಟಕಿ ಚಿಕ್ಕದು ಮಾಡಿ, ಮೂರು ಗಾಜಿನದ್ದು ಹಾಕಿಸಿ, ಗೋಡೆ ದಪ್ಪ ಮಾಡಿ. ಆ ದುಡ್ಡು ಅಲ್ಲಿ ಹಾಕಿದರೆ ಮನೆ ಇರುವವರೆಗೂ ಪ್ರತಿ ಚಳಿಗಾಲ ಉಳಿತಾಯ.

ಕೆಳಗಿನ ಪದರಗಳು

ಶಾಖ ಮೇಲಕ್ಕೆ ಏರುತ್ತದೆ ಅನ್ನುವ ಮಾತು ಬಿಸಿ ಗಾಳಿಗೆ ಸರಿ. ಗಟ್ಟಿ ವಸ್ತುವಿನಲ್ಲಿ ಶಾಖ ತಣ್ಣಗಿರುವ ಕಡೆಗೆ ಹರಿಯುತ್ತದೆ, ಅದು ಮೇಲೋ ಕೆಳಗೋ ಪಕ್ಕಕ್ಕೋ ನೋಡುವುದಿಲ್ಲ. ನಿಮ್ಮ ಕಾಂಕ್ರೀಟಿನ ಕೆಳಗೆ ಚಳಿಗಾಲದ ಮಣ್ಣಿದೆ, ಪಕ್ಕದಲ್ಲಿ ಹಿಮವಿದೆ.

ಮತ್ತೆ ಲೆಕ್ಕ ನೋಡಿ. ಕಾಂಕ್ರೀಟು 25 ಡಿಗ್ರಿ, ಕೆಳಗಿನ ಮಣ್ಣು 9 ಡಿಗ್ರಿ ಅಂತಿಟ್ಟುಕೊಳ್ಳಿ. ಮಧ್ಯೆ 50 ಮಿಮೀ ಥರ್ಮೋಕೋಲ್ ಬೋರ್ಡು ಹಾಕಿದರೆ, ಮಣ್ಣಿನ ಸ್ವಂತ ತಡೆಯನ್ನು ಬಿಟ್ಟು ಲೆಕ್ಕ ಹಾಕಿದಾಗ, ಚದರ ಮೀಟರಿಗೆ 11 ವ್ಯಾಟ್ ಕೆಳಗೆ ಹೋಗುತ್ತದೆ. ಕೋಣೆಗೆ ಬೇಕಾದದ್ದೇ 33, ಅದರ ಮೂರನೇ ಒಂದು ಪಾಲಿನಷ್ಟು ಮಣ್ಣಿಗೆ! 100 ಮಿಮೀ ಹಾಕಿದರೆ ಅದು ಐದೂವರೆಗೆ ಇಳಿಯುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಚಳಿ ನಾಡಿನಲ್ಲಿ 100 ಮಿಮೀ ಅನ್ನುವುದು ಆರಂಭ. ನೆಲ ತಿಂಗಳುಗಟ್ಟಲೆ ಹೆಪ್ಪುಗಟ್ಟುವ ಊರಾದರೆ 150 ಅಥವಾ ಅದಕ್ಕಿಂತ ಜಾಸ್ತಿ ಹಾಕಿದರೂ ದಂಡವಲ್ಲ.

ಟಿವಿ ಪೆಟ್ಟಿಗೆಯಲ್ಲಿ ಬರುವ ಮೆದು ಥರ್ಮೋಕೋಲ್ ಇದಕ್ಕೆ ಆಗುವುದಿಲ್ಲ. ಕಾಂಕ್ರೀಟಿನ, ಗೋಡೆಯ, ಸಾಮಾನಿನ ಭಾರ ತಾಳುವ ಗಟ್ಟಿ ಬೋರ್ಡು ಬೇಕು. ಒತ್ತಡ ತಾಳುವ ಶಕ್ತಿ 100 ಕಿಲೋಪಾಸ್ಕಲ್ ಅಥವಾ ಅದಕ್ಕಿಂತ ಮೇಲಿರಲಿ. ಭಾರ ಹೊರುವ ಗೋಡೆ, ಕಂಬಗಳ ಅಡಿಗೆ ಏನು ಬರಬೇಕು ಅನ್ನುವುದನ್ನು ಸ್ಟ್ರಕ್ಚರಲ್ ಎಂಜಿನಿಯರೇ ಹೇಳಬೇಕು. ನೀರು ನಿಲ್ಲುವ ಜಾಗವಾದರೆ ಎಕ್ಸ್‌ಪಿಎಸ್ ಬೋರ್ಡು (ಥರ್ಮೋಕೋಲಿನದೇ ಜಾತಿಯ, ಇನ್ನೂ ಒತ್ತಾದ ಬೋರ್ಡು) ಹಾಕಿ, ಅದು ನೀರು ಹೀರುವುದು ಕಡಿಮೆ.

ಇನ್ನೊಂದು ಎಚ್ಚರಿಕೆ. ಗುಳ್ಳೆಗಳಿರುವ, ಹೊಳೆಯುವ ತೆಳು ಹಾಳೆಯನ್ನು ತೋರಿಸಿ ಇದೊಂದೇ ಸಾಕು, ಶಾಖವನ್ನೆಲ್ಲ ಮೇಲಕ್ಕೆ ತಿರುಗಿಸುತ್ತದೆ ಅಂತ ಮಾರುವವರಿದ್ದಾರೆ. ಹೊಳೆಯುವ ಮೇಲ್ಮೈ ಕೆಲಸ ಮಾಡುವುದು ಅದರ ಎದುರು ಗಾಳಿಯ ಸಂದು ಇದ್ದಾಗ ಮಾತ್ರ. ಕಾಂಕ್ರೀಟು ಅದಕ್ಕೆ ಅಂಟಿಕೊಂಡು ಕೂತರೆ ಆ ಹೊಳಪಿಗೆ ಏನೂ ಬೆಲೆಯಿಲ್ಲ, ಉಳಿಯುವುದು ಕೆಲವೇ ಮಿಲಿಮೀಟರ್ ಗುಳ್ಳೆ. ದಯವಿಟ್ಟು ಇದನ್ನು ನಂಬಿ ಬೋರ್ಡು ಬಿಡಬೇಡಿ.

ಪದರಗಳ ಕ್ರಮ ಹೀಗಿರಲಿ. ಚೆನ್ನಾಗಿ ದಮ್ಮಸ್ಸು ಮಾಡಿ ಮಟ್ಟಮಾಡಿದ ಜಲ್ಲಿ, ಅದರ ಮೇಲೆ ಬೋರ್ಡು, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಆಮೇಲೆ ಕಬ್ಬಿಣದ ಜಾಲರಿ, ಜಾಲರಿಗೆ ಕಟ್ಟಿದ ಪೈಪು, ಕೊನೆಗೆ ಕಾಂಕ್ರೀಟು. ಬೋರ್ಡನ್ನು ಎರಡು ಪದರವಾಗಿ, ಮೇಲಿನದರ ಸಂದು ಕೆಳಗಿನದರ ಸಂದಿನ ಮೇಲೆ ಬಾರದ ಹಾಗೆ ಹಾಸಿದರೆ ಸಂದಿಗಳಲ್ಲಿ ಶಾಖ ನುಸುಳುವುದಿಲ್ಲ. ಪ್ಲಾಸ್ಟಿಕ್ ಹಾಳೆ ಮಣ್ಣಿನ ತೇವ ಮೇಲೆ ಬರದಂತೆ ತಡೆಯುತ್ತದೆ, ಆದ್ದರಿಂದ ಒಂದರ ಮೇಲೊಂದು ಚೆನ್ನಾಗಿ ಬರುವಂತೆ ಹಾಸಿ ಟೇಪು ಹಚ್ಚಿಸಿ.

ಅಂಚನ್ನು ಮರೆತರೆ ಇಷ್ಟೆಲ್ಲ ಮಾಡಿಯೂ ಪ್ರಯೋಜನ ಅರ್ಧ. ನೆಲ ಅತಿ ಹೆಚ್ಚು ಶಾಖ ಕಳೆದುಕೊಳ್ಳುವುದು ಮನೆಯ ಸುತ್ತಂಚಿನಲ್ಲಿ, ಏಕೆಂದರೆ ಅಲ್ಲಿ ಹೊರಗಿನ ಚಳಿ ಕೈಗೆಟುಕುವಷ್ಟು ಹತ್ತಿರ. ಕಾಂಕ್ರೀಟಿನ ಅಂಚಿಗೆ ನಿಲ್ಲಿಸಿದ ಬೋರ್ಡು ಕೆಳಗಿನ ಬೋರ್ಡಿಗೆ ಸಂದಿಲ್ಲದೆ ಕೂಡಬೇಕು, ಅದು ಪಾಯದ ಗೋಡೆಯ ಉದ್ದಕ್ಕೂ ಇಳಿಯಬೇಕು. ಹೆಬ್ಬಾಗಿಲಿನ ಹೊಸ್ತಿಲ ಕೆಳಗೆ ಅದನ್ನು ಕತ್ತರಿಸಿಬಿಡುವುದು ತುಂಬಾ ಸಾಮಾನ್ಯ. ಹಾಗಾದರೆ ಆ ಬಾಗಿಲ ಮುಂದೆ ನೆಲ ಯಾವಾಗಲೂ ತಣ್ಣಗೆ, ಹೊರಗಡೆ ಮಾತ್ರ ಹಿಮ ಕರಗಿರುತ್ತದೆ. ಈ ಕೆಲಸ ನಡೆಯುವ ದಿನ ನೀವೇ ಅಲ್ಲಿ ನಿಂತು ನೋಡಿ.

ಪೈಪು ಹಾಸುವುದು

ನೆಲ ಬೆಚ್ಚಗಿಡುವುದು ಹಳೆಯ ವಿದ್ಯೆ. ರೋಮನ್ನರು ನೆಲದ ಕೆಳಗೆ ಬಿಸಿ ಹೊಗೆ ಹಾಯಿಸುತ್ತಿದ್ದರು, ಕೊರಿಯದವರ ಒಂಡೊಲ್ ಕೂಡ ಒಲೆಯ ಹೊಗೆಯನ್ನು ಕಲ್ಲುಚಪ್ಪಡಿಯ ಅಡಿಯಲ್ಲಿ ಹರಿಸುತ್ತಿತ್ತು. ಅಮೆರಿಕದಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1937ರಲ್ಲಿ ಮುಗಿದ ಜೇಕಬ್ಸ್ ಮನೆಯಲ್ಲಿ ಕಾಂಕ್ರೀಟು ನೆಲದಡಿ ಪೈಪು ಹಾಸಿದ. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಲೆವಿಟೌನ್ ಬಡಾವಣೆಯ ಸಾವಿರಾರು ಮನೆಗಳ ನೆಲದೊಳಗೆ ತಾಮ್ರದ ಪೈಪು ಬಂತು. ವರ್ಷ ಕಳೆದಂತೆ ಆ ತಾಮ್ರ ಎಷ್ಟೋ ಕಡೆ ಸೋರಿತು, ನೆಲದ ಬಿಸಿ ಅಂದರೆ ಜನ ಹೆದರುವಂತಾಯಿತು. ಈ ಹೆದರಿಕೆ ಹೋಗಿದ್ದು 1960ರ ದಶಕದ ಕೊನೆಗೆ ಜರ್ಮನಿಯ ಥಾಮಸ್ ಎಂಗೆಲ್ ಪೆಕ್ಸ್ ಪೈಪು ಮಾಡುವ ವಿಧಾನ ಕಂಡುಕೊಂಡ ಮೇಲೆ. ಪೆಕ್ಸ್ ಅಂದರೆ ಅಣುಗಳು ಒಂದಕ್ಕೊಂದು ಅಡ್ಡಡ್ಡ ಹೆಣೆದುಕೊಂಡಿರುವ ಪಾಲಿಥೀನ್. ತುಕ್ಕು ಹಿಡಿಯುವುದಿಲ್ಲ, ಬಗ್ಗುತ್ತದೆ, ಬಿಸಿ ತಾಳುತ್ತದೆ.

ಆಮ್ಲಜನಕ ತಡೆಯುವ ಪದರ ಇರುವ ಪೈಪನ್ನೇ ತೆಗೆದುಕೊಳ್ಳಿ. ಸಾದಾ ಪೆಕ್ಸಿನ ಗೋಡೆಯ ಮೂಲಕ ಗಾಳಿಯ ಆಮ್ಲಜನಕ ನಿಧಾನವಾಗಿ ನೀರಿಗೆ ಸೇರುತ್ತಲೇ ಇರುತ್ತದೆ. ಪೈಪಿಗೆ ಏನೂ ಆಗುವುದಿಲ್ಲ, ಆದರೆ ಪಂಪು, ಬಾಯ್ಲರಿನ ಕಬ್ಬಿಣದ ಭಾಗಗಳು ತುಕ್ಕು ಹಿಡಿದು ಕೆಸರಾಗುತ್ತವೆ. ಕುಡಿಯುವ ನೀರಿಗೆಂದು ಮಾರುವ ಪೆಕ್ಸ್ ನೋಡಲು ಹಾಗೇ ಇದ್ದರೂ ಅದರಲ್ಲಿ ಸಾಮಾನ್ಯವಾಗಿ ಈ ಪದರ ಇರುವುದಿಲ್ಲ. ಪೈಪಿನ ಮೇಲಿನ ಅಚ್ಚು ಓದಿ. ತಂದ ಮೇಲೆ ಬಿಸಿಲಲ್ಲಿ ತಿಂಗಳುಗಟ್ಟಲೆ ಬಿಡಬೇಡಿ, ಪೆಕ್ಸಿಗೆ ಬಿಸಿಲು ಆಗುವುದಿಲ್ಲ.

16 ಮಿಮೀ ಪೈಪಾದರೆ ಒಂದು ಸುತ್ತು 100 ಮೀಟರ್ ದಾಟದಿರಲಿ. ಇಲ್ಲಿ ಸುತ್ತು ಅಂದರೆ ಮ್ಯಾನಿಫೋಲ್ಡಿನಿಂದ (ಬಿಸಿನೀರನ್ನು ಎಲ್ಲ ಪೈಪುಗಳಿಗೆ ಹಂಚಿ ವಾಪಸ್ ಕೂಡಿಸುವ ಜೋಡಣೆ) ಹೊರಟು ನೆಲವನ್ನೆಲ್ಲ ಸುತ್ತಿ ಮತ್ತೆ ಮ್ಯಾನಿಫೋಲ್ಡಿಗೆ ಬರುವ ಒಂದೇ ತುಂಡು ಪೈಪು. ಉದ್ದವಾದಷ್ಟೂ ಪಂಪು ತಿಣುಕಬೇಕು, ನೀರು ಕೊನೆ ಮುಟ್ಟುವಷ್ಟರಲ್ಲಿ ತಣ್ಣಗಾಗಿರುತ್ತದೆ. ಕಾಂಕ್ರೀಟಿನೊಳಗೆ ಜಾಯಿಂಟು ಬೇಡವೇ ಬೇಡ. ಸುತ್ತು ಮುಗಿಯಲು ಎರಡು ಮೀಟರ್ ಸಾಲದೆ ಬಂದರೆ ಆ ಪೈಪನ್ನು ಬೇರೆ ಚಿಕ್ಕ ಕೋಣೆಗೆ ಬಳಸಿ, ಇಲ್ಲಿಗೆ ಹೊಸ ಸುರುಳಿ ಬಿಚ್ಚಿ.

ಪೈಪುಗಳ ನಡುವಿನ ಅಂತರ ಸಾಮಾನ್ಯವಾಗಿ 150 ಮಿಮೀ. ದೊಡ್ಡ ಕಿಟಕಿಯ ಮುಂದೆ 100, ಶಾಖ ಕಡಿಮೆ ಸಾಕಾಗುವ ಕಡೆ 200. ಬಿಲ್ಲು ಉಳಿಸಲು 300ಕ್ಕೆ ಹಾಕುತ್ತೇನೆ ಅಂದರೆ ಟೈಲ್ಸಿನ ಮೇಲೆ ಬರಿಗಾಲಲ್ಲಿ ನಡೆದಾಗ ಬಿಸಿ ಪಟ್ಟಿ, ತಣ್ಣನೆ ಪಟ್ಟಿ ಗೊತ್ತಾಗುತ್ತದೆ, ನೀರನ್ನೂ ಜಾಸ್ತಿ ಬಿಸಿ ಮಾಡಬೇಕು. ಒಟ್ಟು ಕೆಲಸದಲ್ಲಿ ಪೈಪು ಅಗ್ಗದ ವಸ್ತು, ಅದರಲ್ಲಿ ಜಿಪುಣತನ ಮಾಡಬೇಡಿ. 150 ಮಿಮೀ ಅಂತರಕ್ಕೆ ಚದರ ಮೀಟರಿಗೆ ಸುಮಾರು 6.7 ಮೀಟರ್ ಪೈಪು ಬೇಕು. ನಮ್ಮ 20 ಚದರ ಮೀಟರ್ ಕೋಣೆಗೆ 133 ಮೀಟರ್. ಅದನ್ನು ಎರಡು ಸುತ್ತು ಮಾಡಿದರೆ ಒಂದೊಂದು 67, ಜೊತೆಗೆ ಮ್ಯಾನಿಫೋಲ್ಡಿನವರೆಗೆ ಹೋಗಿ ಬರುವ ಉದ್ದ. ಸುತ್ತುಗಳೆಲ್ಲ ಹೆಚ್ಚುಕಡಿಮೆ ಒಂದೇ ಉದ್ದ ಇದ್ದರೆ ಆಮೇಲೆ ಹರಿವು ಹೊಂದಿಸುವುದು ಸುಲಭ.

ಹಾಸುವ ರೀತಿಯಲ್ಲಿ ನನಗೆ ಬಸವನ ಹುಳುವಿನ ಚಿಪ್ಪಿನಂಥ ಸುರುಳಿಯೇ ಇಷ್ಟ. ಹೋಗುವ ಬಿಸಿ ಪೈಪು, ಬರುವ ತಣ್ಣನೆ ಪೈಪು ಪಕ್ಕಪಕ್ಕದಲ್ಲಿ ಇರುವುದರಿಂದ ಕೋಣೆಯೆಲ್ಲ ಒಂದೇ ಸಮ ಕಾಯುತ್ತದೆ. ಹಾವಿನಂತೆ ಅತ್ತಿತ್ತ ಓಡಿಸಿದರೆ ಒಂದು ಬದಿ ಬಿಸಿ, ಇನ್ನೊಂದು ಬದಿ ಸಪ್ಪೆ. ಆದರೆ ಒಂದೇ ಕಡೆ ದೊಡ್ಡ ಕಿಟಕಿ ಇದ್ದರೆ ಹಾವಿನ ರೀತಿಯೇ ಒಳ್ಳೆಯದು, ಬಿಸಿ ನೀರನ್ನು ಮೊದಲು ಕಿಟಕಿಯ ಬುಡಕ್ಕೆ ಕಳಿಸಬಹುದು. ತಿರುವಿನಲ್ಲಿ ಪೈಪಿನ ವ್ಯಾಸದ ಐದು ಪಟ್ಟಿಗಿಂತ ಬಿಗಿಯಾಗಿ ಬಗ್ಗಿಸಬೇಡಿ. ಮಡಚಿಕೊಂಡು ನುಜ್ಜಾದರೆ ಆ ಜಾಗದಲ್ಲಿ ಹರಿವು ಕಡಿಮೆಯಾಗುತ್ತದೆ. ಅರ್ಧ ಮೀಟರಿಗೊಂದು ಕಟ್ಟು ಇರಲಿ, ಇಲ್ಲದಿದ್ದರೆ ಕಾಂಕ್ರೀಟು ಸುರಿಯುವಾಗ ಪೈಪು ಮೇಲೆ ತೇಲುತ್ತದೆ.

ಅಡುಗೆಮನೆಯ ಕಪಾಟಿನ ಕೆಳಗೆ ಪೈಪು ಬೇಡ, ಕಮೋಡಿನ ಬೋಲ್ಟು ಬರುವ ಜಾಗ, ಒಳಗೋಡೆಯ ಸಾಲು ಇವೆಲ್ಲ ಬಿಟ್ಟು ಹಾಕಿ. ಹೀಗಾಗಿ ಅಡುಗೆಮನೆಯ ನಕ್ಷೆ ಪೈಪಿಗಿಂತ ಮೊದಲೇ ಪಕ್ಕಾ ಆಗಿರಬೇಕು.

ಮ್ಯಾನಿಫೋಲ್ಡ್ ಮನೆಯ ನಡುವೆ, ಕೈಗೆ ಸಿಗುವ ಕಡೆ ಇದ್ದರೆ ಎಲ್ಲ ಸುತ್ತಿಗೂ ದಾರಿ ಹತ್ತಿರ. ಮೂಲೆಯ ಸ್ಟೋರಿನಲ್ಲಿ ಇಟ್ಟರೆ ಹತ್ತಾರು ಪೈಪು ಒಂದೇ ಕಾರಿಡಾರಿನಲ್ಲಿ ಹಾದು, ಆ ಕಾರಿಡಾರು ಬೇಡದಿದ್ದರೂ ಮನೆಯಲ್ಲೇ ಬಿಸಿ ಜಾಗವಾಗುತ್ತದೆ. ಪ್ರತಿ ಸುತ್ತಿಗೂ ಹರಿವು ತೋರಿಸುವ ಗಾಜಿನ ಮೀಟರ್ ಮತ್ತು ಬಂದ್ ಮಾಡುವ ವಾಲ್ವ್ ಇರುವಂಥದ್ದನ್ನೇ ಹಾಕಿಸಿ, ಮೇಲ್ಗಡೆ ಗಾಳಿ ಬಿಡುವ ವಾಲ್ವ್ ಇರಲಿ.

ಮಹಡಿಯ ಮರದ ನೆಲಕ್ಕೆ ಇಷ್ಟು ಭಾರ ಹೊರಿಸಲಾಗದಿದ್ದರೆ ತೆಳುವಾದ ಜಿಪ್ಸಮ್ ಗಾರೆ ಸುರಿಸಬಹುದು, ಅಥವಾ ಅಲ್ಯೂಮಿನಿಯಂ ತಗಡಿನ ಗೀರುಗಳಲ್ಲಿ ಪೈಪು ಕೂರಿಸಬಹುದು. ತಗಡು ಬೇಗ ಕಾಯುತ್ತದೆ, ಬೇಗ ಆರುತ್ತದೆ.

ಪರೀಕ್ಷೆ, ಫೋಟೋ, ಕಾಂಕ್ರೀಟು

ಪೈಪು ಹಾಸಿ ಮುಗಿದ ಕೂಡಲೇ ಒತ್ತಡ ಪರೀಕ್ಷೆ. 4ರಿಂದ 6 ಬಾರ್ ಒತ್ತಡ ಕೊಟ್ಟು ಗೇಜು ಹಾಗೇ ಬಿಡಬೇಕು. ಮೊದಲ ಕೆಲವು ಗಂಟೆ ಪೈಪು ಸ್ವಲ್ಪ ಹಿಗ್ಗುವುದರಿಂದ ಮುಳ್ಳು ಚೂರು ಇಳಿಯುತ್ತದೆ, ಹೆದರಬೇಡಿ, ಮತ್ತೆ ಏರಿಸಿ ಮಾರನೇ ದಿನ ನೋಡಿ. ಕಾಂಕ್ರೀಟು ಸುರಿಯುವಾಗಲೂ ಒತ್ತಡ ಇರಲೇಬೇಕು. ಯಾರದ್ದಾದರೂ ಸಲಿಕೆ ಪೈಪಿಗೆ ತಾಗಿದರೆ ಮುಳ್ಳು ಆ ಕ್ಷಣವೇ ಹೇಳುತ್ತದೆ, ಕಾಂಕ್ರೀಟು ಹಸಿಯಾಗಿರುವಾಗಲೇ ಸರಿಮಾಡಬಹುದು.

ಚಳಿಗಾಲದಲ್ಲಿ ಕಟ್ಟುತ್ತಿದ್ದರೆ ನೀರು ತುಂಬಿ ಪರೀಕ್ಷೆ ಮಾಡಿ ಹಾಗೇ ಬಿಟ್ಟು ಹೋಗಬೇಡಿ. ಒಂದು ರಾತ್ರಿ ಹೆಪ್ಪುಗಟ್ಟಿದರೂ ಮ್ಯಾನಿಫೋಲ್ಡು ಒಡೆಯಬಹುದು, ಪೈಪು ಕೆಡಬಹುದು. ಅಂಥ ಹೊತ್ತಿನಲ್ಲಿ ಗಾಳಿ ತುಂಬಿ ಪರೀಕ್ಷಿಸಬೇಕು, ಅಥವಾ ನೀರು ಹೆಪ್ಪುಗಟ್ಟದಂತೆ ತಡೆಯುವ ಗ್ಲೈಕಾಲ್ ದ್ರವವನ್ನು ಅದಕ್ಕೆ ಬೆರೆಸಬೇಕು. ಗಾಳಿಯ ಒತ್ತಡ ನೀರಿನದ್ದಕ್ಕಿಂತ ಅಪಾಯಕಾರಿ, ಫಿಟ್ಟಿಂಗು ಕಿತ್ತುಬಂದರೆ ಗುಂಡಿನ ಹಾಗೆ ಹಾರುತ್ತದೆ. ಗೊತ್ತಿರುವವರ ಕೈಯಲ್ಲೇ ಮಾಡಿಸಿ.

ಆಮೇಲೆ ಫೋಟೋ. ಪ್ರತಿ ಕೋಣೆಯಲ್ಲೂ ಗೋಡೆಯಿಂದ ಅಳತೆ ಟೇಪು ಬಿಚ್ಚಿಟ್ಟು, ಟೇಪಿನ ಅಂಕಿ ಕಾಣುವ ಹಾಗೆ ನೇರ ಮೇಲಿಂದ ಫೋಟೋ ತೆಗೆಯಿರಿ. ಇದು ಹತ್ತು ನಿಮಿಷದ ಕೆಲಸ. ನಾನು ನೋಡಿದ ಒಂದು ಮನೆಯಲ್ಲಿ ಬಾಗಿಲು ಗೋಡೆಗೆ ಬಡಿಯದಿರಲಿ ಅಂತ ನೆಲಕ್ಕೆ ಸ್ಟಾಪರ್ ಕೂರಿಸಲು ಡ್ರಿಲ್ ಹಾಕಿದರು, ಅದು ನೇರ ಪೈಪಿಗೇ ಹೋಯಿತು. ಟೇಪಿಟ್ಟು ತೆಗೆದ ಫೋಟೋ ಇದ್ದುದರಿಂದ ಪೈಪು ಯಾವ ದಿಕ್ಕಿಗೆ ಓಡಿದೆ ಅಂತ ಗೊತ್ತಾಯಿತು, ಒಂದು ತಟ್ಟೆಯಗಲ ಮಾತ್ರ ಒಡೆದು ಸರಿಮಾಡಿದರು. ಫೋಟೋ ಇಲ್ಲದಿದ್ದರೆ ಕೋಣೆಯೇ ಅಗೆಯಬೇಕಿತ್ತು.

ಕಾಂಕ್ರೀಟು ಕಾದಾಗ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಗೋಡೆಗಳ ಸುತ್ತ 8ರಿಂದ 10 ಮಿಮೀ ದಪ್ಪದ ಮೆದು ಪಟ್ಟಿ ಇಡಿ. ಪೈಪಿನ ಮೇಲೆ ಪ್ರತ್ಯೇಕವಾಗಿ ಸಿಮೆಂಟು ಗಾರೆ ಸುರಿಯುವುದಾದರೆ 40 ಚದರ ಮೀಟರಿಗೊಮ್ಮೆ, ಬಾಗಿಲುಗಳಲ್ಲಿ, ಎಲ್ ಆಕಾರದ ಕೋಣೆಯ ಮೂಲೆಯಲ್ಲಿ ಸಂದು ಬಿಡಬೇಕು. ಪೈಪು ಆ ಸಂದನ್ನು ದಾಟುವ ಕಡೆ ಅದಕ್ಕೊಂದು ಕೊಳವೆಯ ಹೊದಿಕೆ ತೊಡಿಸಿ. ಪೈಪಿನ ಮೇಲೆ ಸಿಮೆಂಟು ಗಾರೆ 45 ಮಿಮೀ ಇರಲಿ. ಗಾರೆ ಪೈಪಿನ ಸುತ್ತ ಗುಳ್ಳೆಯಿಲ್ಲದೆ ತುಂಬಬೇಕು, ಗಾಳಿ ಉಳಿದ ಜಾಗದಲ್ಲಿ ಶಾಖ ದಾಟುವುದಿಲ್ಲ.

ಈಗ ತಾಳ್ಮೆಯ ಕೆಲಸ. ಬೇಗ ಒಣಗಲಿ ಅಂತ ಹಸಿ ನೆಲಕ್ಕೆ ಬಿಸಿನೀರು ಬಿಡುವುದನ್ನು ಕಂಡರೆ ತಡೆಯಿರಿ. ಮೇಲ್ಭಾಗ ಒಣಗಿ ಕೆಳಗೆ ಹಸಿಯಿದ್ದರೆ ನೆಲ ಬಾಗುತ್ತದೆ, ಬಿರುಕು ಬಿಡುತ್ತದೆ. ಸಿಮೆಂಟು ಗಾರೆಗೆ ಕನಿಷ್ಠ 21 ದಿನ, ಕ್ಯಾಲ್ಸಿಯಂ ಸಲ್ಫೇಟ್ ಗಾರೆಗೆ (ಮೇಲೆ ಹೇಳಿದ ಜಿಪ್ಸಮ್ ಗಾರೆ) ಕನಿಷ್ಠ 7 ದಿನ ಕಾಯಬೇಕು ಅಂತ ಅದೇ ಇಎನ್ 1264ರಲ್ಲಿದೆ. ಆಮೇಲೆ ಮೊದಲು 3 ದಿನ 20ರಿಂದ 25 ಡಿಗ್ರಿ ನೀರು, ನಂತರ ನಿಧಾನಕ್ಕೆ ಏರಿಸಿ ನಿಮ್ಮ ಲೆಕ್ಕದ ಗರಿಷ್ಠ ಮಟ್ಟದಲ್ಲಿ 4 ದಿನ. ಮರದ ಹಾಸು ಹಾಕುವುದಾದರೆ ಅದಕ್ಕೂ ಮೊದಲು ಗಾರೆಯ ತೇವ ಅಳೆಸಿ.

ಮೇಲೆ ಏನು ಹಾಸಬೇಕು

ಟೈಲ್ಸ್, ಕಲ್ಲು ಎಲ್ಲಕ್ಕಿಂತ ಒಳ್ಳೆಯದು, ಶಾಖಕ್ಕೆ ತಡೆಯೇ ಇಲ್ಲದಂತೆ. ಮರವೂ ಆಗುತ್ತದೆ, ಆದರೆ ಪದರಪದರವಾಗಿ ಅಂಟಿಸಿದ ಎಂಜಿನಿಯರ್ಡ್ ಮರ ಆಯ್ದುಕೊಳ್ಳಿ. ಅಗಲದ ಗಟ್ಟಿ ಹಲಗೆ ಚಳಿಗಾಲದ ಒಣ ಗಾಳಿಗೆ ಕುಗ್ಗಿ ಸಂದು ಬಿಡುತ್ತದೆ. ಮರದ ಮೇಲ್ಮೈ 27 ಡಿಗ್ರಿ ದಾಟದಂತೆ ನೋಡಿಕೊಳ್ಳಿ, ಬಹಳಷ್ಟು ತಯಾರಕರು ಕೇಳುವುದೂ ಅದನ್ನೇ.

ಹಾಸಿನ ಶಾಖ ತಡೆ ಎಷ್ಟು ಅನ್ನುವುದನ್ನು ಅದರ ಕಾಗದದಲ್ಲಿ ನೋಡಿ. 0.15 ದಾಟಬಾರದು. ಇದಕ್ಕೂ ನಮ್ಮ 33 ಉಪಯೋಗಕ್ಕೆ ಬರುತ್ತದೆ. ಮರದ ಹಾಸಿನ ತಡೆ 0.1 ಇದ್ದರೆ 33 ಸಲ 0.1, ಅಂದರೆ ನೀರನ್ನು ಸುಮಾರು 3 ಡಿಗ್ರಿ ಜಾಸ್ತಿ ಬಿಸಿ ಮಾಡಬೇಕು. ಪರವಾಗಿಲ್ಲ. ದಪ್ಪ ಕಾರ್ಪೆಟ್ಟಿನ ಕೆಳಗೆ ಮೆತ್ತೆ ಬೇರೆ ಸೇರಿ 0.3 ಆದರೆ 10 ಡಿಗ್ರಿ ಜಾಸ್ತಿ. ಆಗ ಹೀಟ್ ಪಂಪಿನ ಉಳಿತಾಯವೆಲ್ಲ ಕಾರ್ಪೆಟ್ಟಿಗೇ ಹೋಯಿತು, ಅಲ್ವಾ?

ಓಡಿಸುವುದು

ಕಾಂಕ್ರೀಟು ನೆಲ ನಿಧಾನದ ಯಂತ್ರ. 100 ಚದರ ಮೀಟರಿನ, 100 ಮಿಮೀ ದಪ್ಪದ ನೆಲ ಅಂದರೆ ಸುಮಾರು 24 ಟನ್ ಭಾರ. ಅದನ್ನು ಒಂದು ಡಿಗ್ರಿ ಏರಿಸಲು ಸುಮಾರು 6 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ ಬೇಕು, ಐದು ಡಿಗ್ರಿಗೆ 30 ಯೂನಿಟ್. ನಿಮ್ಮ ಹೀಟ್ ಪಂಪ್ 6 ಕಿಲೋವ್ಯಾಟಿನದು, ಅದೇ ಹೊತ್ತಿಗೆ ಮನೆ ಹೊರಗಿನ ಚಳಿಗೆ 3 ಕಿಲೋವ್ಯಾಟ್ ಕಳೆದುಕೊಳ್ಳುತ್ತಿದೆ ಅಂದರೆ ನೆಲಕ್ಕೆ ಉಳಿಯುವುದು 3. ಆ ಐದು ಡಿಗ್ರಿ ಏರಲು 10 ಗಂಟೆ ಬೇಕು. ಹೀಗಿರುವಾಗ ಕೆಲಸಕ್ಕೆ ಹೋಗುವಾಗ ಆಫ್ ಮಾಡಿ ಸಂಜೆ ಬಂದು ಆನ್ ಮಾಡುತ್ತೇನೆ ಅಂದರೆ ಅಟ್ಟ ಮೇಲೆ ಒಲೆ ಉರಿದ ಹಾಗೆ. ನೀವು ಮಲಗಿದ ಮೇಲೆ ಮನೆ ಬೆಚ್ಚಗಾಗುತ್ತದೆ. ಒಂದೇ ಮಟ್ಟಕ್ಕೆ ಇಟ್ಟು ಬಿಟ್ಟುಬಿಡಿ. ಕರೆಂಟು ಹೋದಾಗ ಇದೇ ನಿಧಾನ ನಿಮ್ಮನ್ನು ಕಾಯುತ್ತದೆ, ಪಂಪು ನಿಂತರೂ ನೆಲ ಗಂಟೆಗಟ್ಟಲೆ ಶಾಖ ಕೊಡುತ್ತಲೇ ಇರುತ್ತದೆ. ದಿನಗಟ್ಟಲೆ ಬೀಗ ಹಾಕಿ ಹೋಗುವ ಮನೆಯಾದರೆ ಮಾತ್ರ ನೀರಿಗೆ ಗ್ಲೈಕಾಲ್ ಬೆರೆಸುವ ಬಗ್ಗೆ ಯೋಚಿಸಿ.

ಈ ವ್ಯವಸ್ಥೆಯಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಗುಣ ಹೇಳಲೇಬೇಕು. ನೆಲ 23, ಕೋಣೆ 20 ಇರುವಾಗ ಬಿಸಿಲು ಬಂದು ಕೋಣೆ 21.5 ಆಯಿತು ಅಂದುಕೊಳ್ಳಿ. ವ್ಯತ್ಯಾಸ ಮೂರರಿಂದ ಒಂದೂವರೆಗೆ ಇಳಿಯಿತು, ಹಾಗಾಗಿ ನೆಲ ಕೊಡುವ ಶಾಖ ತಾನಾಗಿಯೇ ಅರ್ಧವಾಯಿತು. ಥರ್ಮೋಸ್ಟಾಟ್ ಏನೂ ಮಾಡಬೇಕಾಗಿಲ್ಲ. 70 ಡಿಗ್ರಿಯ ರೇಡಿಯೇಟರಿಗೆ ಒಂದೂವರೆ ಡಿಗ್ರಿ ಲೆಕ್ಕಕ್ಕೇ ಬರುವುದಿಲ್ಲ. ನೀರು ತಣ್ಣಗಿದ್ದಷ್ಟೂ ಈ ಗುಣ ಜಾಸ್ತಿ ಕೆಲಸ ಮಾಡುತ್ತದೆ.

ಅದಕ್ಕೇ ನಿಯಂತ್ರಣ ಹೊರಗಿನ ಚಳಿ ನೋಡಿ ನಡೆಯಬೇಕು. ಮನೆಯ ಹೊರಗೆ, ಬಿಸಿಲು ಬೀಳದ ಗೋಡೆಗೆ ಒಂದು ಸೆನ್ಸರ್ ಹಾಕಿಸಿ. ಹೊರಗೆ ಮೈನಸ್ 20 ಇದ್ದಾಗ ನೀರು 35, ಹೊರಗೆ 10 ಇದ್ದಾಗ 25 ಅನ್ನುವಂಥ ಒಂದು ಗೆರೆಯನ್ನು ಬಾಯ್ಲರ್ ಅಥವಾ ಹೀಟ್ ಪಂಪಿನಲ್ಲಿ ಹಾಕಿಡಬಹುದು. ಪ್ರತಿ ಕೋಣೆಗೂ ಥರ್ಮೋಸ್ಟಾಟ್ ಹಾಕಿ ಅವು ಗಳಿಗೆಗೊಮ್ಮೆ ಸುತ್ತುಗಳನ್ನು ಮುಚ್ಚಿ ತೆಗೆದು ಮಾಡುತ್ತಿದ್ದರೆ ಹೀಟ್ ಪಂಪಿಗೆ ನೀರು ಸಾಲದೆ ಆನ್ ಆಫ್ ಆಗುತ್ತಲೇ ಇರುತ್ತದೆ. ಮಲಗುವ ಕೋಣೆಗೊಂದು, ದಕ್ಷಿಣದ ಬಿಸಿಲು ಬೀಳುವ ಕೋಣೆಗೊಂದು ಇದ್ದರೆ ಸಾಕು. ನೆಲದ ಬಿಸಿ ಗಾಳಿಯನ್ನು ಬದಲಾಯಿಸುವುದಿಲ್ಲ ಅನ್ನುವುದೂ ನೆನಪಿರಲಿ, ಬಿಗಿಯಾಗಿ ಕಟ್ಟಿದ ಮನೆಗೆ ಶಾಖ ಉಳಿಸಿ ಗಾಳಿ ಬದಲಿಸುವ ವ್ಯವಸ್ಥೆ ಬೇರೆಯಾಗಿ ಬೇಕು.

ಮೊದಲ ಚಳಿಗಾಲ ಹೊಂದಿಸಿಕೊಳ್ಳುವ ಕಾಲ. ಮೊದಲು ಹರಿವು: ನಮ್ಮ ಉದಾಹರಣೆಯ ಕೋಣೆಯಲ್ಲಿ ಒಂದೊಂದು ಸುತ್ತು ಸುಮಾರು 330 ವ್ಯಾಟ್ ಕೊಡಬೇಕು, ನೀರು ಹೋಗಿ ಬರುವಷ್ಟರಲ್ಲಿ 5 ಡಿಗ್ರಿ ಇಳಿಯಬೇಕು ಅಂದರೆ ನಿಮಿಷಕ್ಕೆ ಸುಮಾರು ಒಂದು ಲೀಟರ್. ಮ್ಯಾನಿಫೋಲ್ಡಿನ ಮೀಟರಿನಲ್ಲಿ ಎಲ್ಲ ಸುತ್ತುಗಳನ್ನೂ ಅವುಗಳ ಲೆಕ್ಕಕ್ಕೆ ಸರಿಯಾಗಿ ತಿರುಗಿಸಿ. ಆಮೇಲೆ ಥರ್ಮೋಸ್ಟಾಟುಗಳನ್ನೆಲ್ಲ ಪೂರ್ತಿ ತೆರೆದಿಟ್ಟು, ಚಳಿ ಚೆನ್ನಾಗಿ ಬಿದ್ದ ವಾರದಲ್ಲಿ ನೀರಿನ ಬಿಸಿಯನ್ನು ಒಂದೊಂದೇ ಡಿಗ್ರಿ ಇಳಿಸಿ. ಪ್ರತಿ ಸಲ ಇಳಿಸಿದ ಮೇಲೆ ಎರಡು ದಿನ ಕಾಯಿರಿ, ಮಧ್ಯೆ ಮುಟ್ಟಬೇಡಿ. ಒಂದು ಕೋಣೆ ಮಾತ್ರ ತಣ್ಣಗಾದರೆ ಆ ಸುತ್ತಿನ ಹರಿವು ಸ್ವಲ್ಪ ಜಾಸ್ತಿ ಮಾಡಿ. ಎಲ್ಲ ಕೋಣೆಗಳೂ ತಣ್ಣಗಾಗಲು ಶುರುವಾದರೆ ಒಂದು ಡಿಗ್ರಿ ವಾಪಸ್ ಏರಿಸಿ, ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಪೈಪಿನ ಫೋಟೋಗಳ ಜೊತೆ ಮ್ಯಾನಿಫೋಲ್ಡಿನ ಬಾಗಿಲ ಒಳಗೆ ಅಂಟಿಸಿ.